ಅತ್ತೆಯ ಕೊಳೆ ಡಬ್ಬಿ

ಹಲ್ಲಿನ ಡಾಕ್ಟರ ಟ್ಯಾಂಕುಗಳಿಗೆ ಏಳು ವರ್ಷದಿಂದ ಒಂದೇ ಕಾಯಿಲೆ. ಅವು ತುಂಬಾ ಚೊಕ್ಕ.

ಟ್ಯಾಂಕು ಎಂದರೆ ನೀರು ತುಂಬುವುದಲ್ಲ, ಯುದ್ಧದ್ದು. ಯುದ್ಧದ್ದು ಎಂದರೂ ಹೆದರಬೇಕಿಲ್ಲ, ಅಂಗೈ ಮೇಲೆ ಕೂರುವಷ್ಟು. ಪೆಟ್ಟಿಗೆ ತೆರೆದರೆ ಮುನ್ನೂರು ಚಿಲ್ಲರೆ ಪ್ಲಾಸ್ಟಿಕ್ ತುಂಡುಗಳು. ಅವನ್ನು ಒಂದೊಂದಾಗಿ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ಎಂದೋ ಮುಗಿದ ಯುದ್ಧದ ಗಾಡಿಯೊಂದು ಮೇಜಿನ ಮೇಲೆ ನಿಲ್ಲುತ್ತದೆ. ದಿನವಿಡೀ ಜನರ ಬಾಯೊಳಗೆ ಸಾಸಿವೆಯಷ್ಟು ತೂತು ಹುಡುಕುವ ಮನುಷ್ಯನಿಗೆ ಟ್ಯಾಂಕಿನ ಮುಚ್ಚಳಕ್ಕೆ ಹಿಡಿಕೆ ಅಂಟಿಸುವುದು ಯಾವ ದೊಡ್ಡ ಮಾತು? ತೊಂದರೆಯೆಲ್ಲ ಕೊನೆಯ ಹಂತದಲ್ಲಿ. ಯುದ್ಧದ ಗಾಡಿ ಅಂದಮೇಲೆ ಕೆಸರು, ಧೂಳು, ತುಕ್ಕು, ಎಣ್ಣೆ ಜಿಡ್ಡು ಇರಬೇಕು. ಅದನ್ನೆಲ್ಲ ಬಣ್ಣದ ಪುಡಿಯಲ್ಲಿ ಹಚ್ಚಬೇಕು. ಕೊಳೆ ಕೆರೆದು ತೆಗೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಡಾಕ್ಟರಿಗೆ ಅದು ಆಗುತ್ತಿರಲಿಲ್ಲ. ಹಚ್ಚುವರು, ಒಂದು ಗಳಿಗೆ ನೋಡುವರು, ತಡೆಯಲಾರದೆ ಒರೆಸಿಬಿಡುವರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಕಾಲೇಜಿನಲ್ಲಿ ಕಲಿತ ಗುಣವೂ ಹಾಗೆಯೇ.

ಇಂಥ ಪುಟ್ಟ ಮಾದರಿ ಮಾಡುವವರ ಸಂಘದ ಪ್ರದರ್ಶನ ವರ್ಷಕ್ಕೊಂದು. ತೀರ್ಪುಗಾರರು ಒಬ್ಬ ನಿವೃತ್ತ ವರ್ಕ್‌ಶಾಪ್ ಮೇಸ್ತ್ರಿ. ಭೂತಗನ್ನಡಿ ಹಿಡಿದು ಬಗ್ಗಿ ನೋಡಿ, ಚೀಟಿಯಲ್ಲಿ ಒಂದು ಸಾಲು ಗೀಚಿ ಮುಂದೆ ಹೋಗುವವರು. ಡಾಕ್ಟರಿಗೆ ಸಿಕ್ಕ ಏಳು ಚೀಟಿಗಳಲ್ಲೂ ಒಂದೇ ಒಕ್ಕಣೆ: ‘ಕೆಲಸ ಅಚ್ಚುಕಟ್ಟು. ಆದರೆ ತುಂಬಾ ಚೊಕ್ಕ.’ ಏಳೂ ಸಲ ಮೊದಲ ಬಹುಮಾನ ಪಕ್ಕದ ಬೀದಿಯ ಔಷಧಿ ಅಂಗಡಿಯವರ ಯುದ್ಧವಿಮಾನಗಳಿಗೆ. ಪುಣ್ಯಾತ್ಮರು ಗೆದ್ದು ಸುಮ್ಮನಿರದೆ ಟ್ರೋಫಿಗಳನ್ನು ಅಂಗಡಿಯಲ್ಲಿ ಕೆಮ್ಮಿನ ಔಷಧಿಗಳ ಸಾಲಿನಲ್ಲೇ ಜೋಡಿಸಿಟ್ಟಿದ್ದರು. ಆಮೇಲಿಂದ ಡಾಕ್ಟರು ಕೆಮ್ಮು ಬಂದರೆ ಬಿಸಿನೀರು ಕುಡಿದು ಸಹಿಸಿಕೊಳ್ಳುತ್ತಿದ್ದರು.

ಎಂಟನೇ ವರ್ಷ ಅವರು ಹಟ ಹಿಡಿದರು. ಈ ಸಲ ಚೀಟಿಯಲ್ಲಿ ‘ಚೊಕ್ಕ’ ಎಂಬ ಮಾತು ಬರಕೂಡದು, ಮೊದಲ ಬಹುಮಾನ ಮನೆಗೆ ಬರಬೇಕು, ಇಲ್ಲವೇ ಈ ಹವ್ಯಾಸಕ್ಕೇ ಕೈಮುಗಿದುಬಿಡಬೇಕು. ಮೂರು ತಿಂಗಳು ಒರೆಸುವ ಬಟ್ಟೆಯನ್ನೆಲ್ಲ ಹೆಂಡತಿಯ ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು. ಅಂತೂ ಪ್ರದರ್ಶನಕ್ಕೆ ಎರಡು ದಿನವಿದೆ ಅನ್ನುವಾಗ ಟ್ಯಾಂಕು ನಿಜಕ್ಕೂ ಕೊಳಕಾಗಿ ಕಂಡಿತು. ಡಾಕ್ಟರಿಗೆ ಹಾಲು ಕುಡಿದಷ್ಟು ಸಂತೋಷವಾಗಿ, ಅದನ್ನು ನಡುಮನೆಯ ಕಪಾಟಿನ ಮೇಲಿಟ್ಟು ಕ್ಲಿನಿಕ್ಕಿಗೆ ಹೊರಟರು.

ಆ ಮಧ್ಯಾಹ್ನವೇ ಹೆಂಡತಿಯ ತಾಯಿ ಬಂದಿಳಿದರು. ದೊಡ್ಡ ಹೋಟೆಲೊಂದರಲ್ಲಿ ಮೂವತ್ತು ವರ್ಷ ಕೋಣೆಗಳ ಶುಚಿ ನೋಡಿಕೊಳ್ಳುವ ಮೇಲ್ವಿಚಾರಕಿಯಾಗಿದ್ದವರು. ನಿವೃತ್ತಿಯಾಗಿದ್ದರೂ ಯಾರ ಮನೆಗೆ ಹೋದರೂ ಬಾಗಿಲ ಮೇಲಂಚಿನಲ್ಲಿ ಒಮ್ಮೆ ಬೆರಳಾಡಿಸದೆ ಕೂರುತ್ತಿರಲಿಲ್ಲ.

ಸಂಜೆ ಡಾಕ್ಟರು ಮನೆಗೆ ಬಂದಾಗ ಟ್ಯಾಂಕು ಬಿಳಿ ಟವೆಲಿನ ಮೇಲೆ ಮಿಂದು ಕೂತಿತ್ತು.

“ಬನ್ನಿ ಅಳಿಯಂದ್ರೇ,” ಅಂದರು ಅತ್ತೆ. “ಪಾಪ, ಇದನ್ನ ಎಷ್ಟು ವರ್ಷದಿಂದ ಯಾರೂ ಮುಟ್ಟಿರಲಿಲ್ವೋ ಏನೋ. ಸಂದುಗೊಂದಿ ಎಲ್ಲ ಬ್ರಷ್ ಹಾಕಿ ಉಜ್ಜಿದೀನಿ. ಹೋದ ಸಲ ನೀವೇ ಕೊಟ್ಟಿದ್ರಲ್ಲ, ಹಲ್ಲುಜ್ಜೋ ಬ್ರಷ್ಷು, ಅದೇ. ತುಂಬಾ ಒಳ್ಳೇ ಬ್ರಷ್ಷು.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಡಾಕ್ಟರು ಕುರ್ಚಿಯ ಮೇಲೆ ಕುಸಿದು ಬಾಯಿ ತೆರೆದರು. ಅವರ ಮುಂದೆ ಬಾಯಿ ತೆರೆದು ಕೂರುವವರು ಬೇರೆಯವರು. ಅವರೇ ಹಾಗೆ ಕೂತದ್ದನ್ನು ಹೆಂಡತಿ ನೋಡಿದ್ದು ಅದೇ ಮೊದಲು.

“ಅಮ್ಮಾ, ಆ ಕೊಳೆ ಅವರೇ ಹಚ್ಚಿದ್ದು. ಮೂರು ತಿಂಗಳು ಕೂತು,” ಅಂದಳು ಮಗಳು.

“ಬೇಕು ಅಂತಲಾ?”

“ಬೇಕು ಅಂತಲೇ.”

ಅತ್ತೆ ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿದರು. “ಇದನ್ನೆಲ್ಲ ಮದುವೆಗೆ ಮುಂಚೆ ಹೇಳಿದ್ರಾ ಇವರು?”

ಆದರೆ ಆ ಹೆಂಗಸು ಮಾಡಿದ್ದಕ್ಕೆ ಬೆನ್ನು ತೋರಿಸುವ ಜಾತಿಯಲ್ಲ. ಮರುದಿನ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಅಳಿಯನ ಮೇಜಿಗೆ ಬಂದು ಕೂತರು.

“ನಿಜ ಹೇಳ್ಲಾ? ನೀವು ಹಚ್ಚಿದ್ದು ಎಲ್ಲಾ ಕಡೆ ಒಂದೇ ಸಮ ಇತ್ತು. ಕೊಳೆ ಎಲ್ಲಾದ್ರೂ ಹಾಗೆ ಕೂರತ್ತಾ? ಕೈ ಹಾಕೋ ಕಡೆ ಜಿಡ್ಡು. ಕೈ ಹೋಗದ ಕಡೆ ಧೂಳು. ನೀರು ಇಳಿಯೋ ದಾರೀಲಿ ಕಲೆ. ಇದು ಎಲ್ಲಿ ಓಡಾಡೋದು, ರಸ್ತೇಲಾ, ಗದ್ದೇಲಾ?”

“ಕೆಸರಲ್ಲಿ ಅತ್ತೆ.”

“ಯಾರು ಹತ್ತೋದು, ಯಾವ ಕಡೆಯಿಂದ?”

ಡಾಕ್ಟರು ಇಷ್ಟು ವರ್ಷ ಟ್ಯಾಂಕು ಮಾಡಿದ್ದರೂ ಅದಕ್ಕೆ ಯಾರೋ ಹತ್ತುತ್ತಾರೆ ಎಂದು ಯೋಚಿಸಿರಲಿಲ್ಲ. ಎಡಗಡೆಯಿಂದ ಎಂದು ಅಂದಾಜಿಗೆ ಹೇಳಿದರು.

ಅತ್ತೆ ಖಾಲಿ ಬಿಸ್ಕತ್ತು ಡಬ್ಬಿಯೊಂದನ್ನು ಹಿಡಿದು ಮನೆಯೆಲ್ಲ ಸುತ್ತಿದರು. ಕಾಲೊರೆಸುವ ಚಾಪೆಯ ಧೂಳು, ಗೇಟಿನ ಬಿಜಾಗರಿಯ ತುಕ್ಕು, ಅಡಿಗೆಮನೆಯ ಹೊಗೆಕೊಳವೆಯ ಮಸಿ, ಸೈಕಲ್ ಸರಪಳಿಯ ಕಪ್ಪು ಜಿಡ್ಡು, ಎಲ್ಲ ಬೇರೆ ಬೇರೆ ಪೊಟ್ಟಣ ಕಟ್ಟಿ ಡಬ್ಬಿಗೆ ತುಂಬಿದರು. ಮಗಳ ಮನೆಯಲ್ಲಿ ಇಷ್ಟೊಂದು ಕೊಳೆ ಸಿಕ್ಕಿತಲ್ಲ ಎಂಬ ಸಂಕಟ ಒಂದು ಕಡೆ, ಸಿಕ್ಕಿತಲ್ಲ ಎಂಬ ಸಮಾಧಾನ ಇನ್ನೊಂದು ಕಡೆ. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕು ಈಗತಾನೇ ಯುದ್ಧ ಮುಗಿಸಿ ಬಂದು, ಇನ್ನೂ ಕಾಲು ತೊಳೆದಿಲ್ಲ ಅನ್ನುವ ಹಾಗಿತ್ತು. ಎಡಗಡೆ ಯಾರೋ ನೂರು ಸಲ ಹತ್ತಿ ಇಳಿದು ಬಣ್ಣ ಸವೆದಿತ್ತು. ಡಾಕ್ಟರು ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ತಿರುಗಿಸಿ ನೋಡಿದರು. ಅತ್ತೆ ಮಾತ್ರ ಆರು ಸಲ ಕೈ ತೊಳೆದುಕೊಂಡರು.

ಪ್ರದರ್ಶನದ ದಿನ ಡಾಕ್ಟರು ಅತ್ತೆಯನ್ನೂ ಕರೆದುಕೊಂಡು ಹೋದರು, ಡಬ್ಬಿ ಸಮೇತ. ದಾರಿಯಲ್ಲಿ ಒಂದಿಷ್ಟು ಉದುರಿದರೆ ಮತ್ತೆ ಹಚ್ಚಬೇಕಲ್ಲ. ಅವರ ಗ್ರಹಚಾರಕ್ಕೆ ಪಕ್ಕದ ಮೇಜೇ ಔಷಧಿ ಅಂಗಡಿಯವರದು. ಅದರ ಮೇಲೆ ಎರಡು ಎಂಜಿನ್ನಿನ ಬಾಂಬರ್ ವಿಮಾನ.

“ಅತ್ತೆ, ಇಲ್ಲೇ ಕೂತಿರಿ. ಯಾರಾದ್ರೂ ನಮ್ಮ ಟ್ಯಾಂಕ್ ಒರೆಸೋಕೆ ಬಂದ್ರೆ ಬಿಡ್ಬೇಡಿ,” ಎಂದು ಹೇಳಿ ಡಾಕ್ಟರು ಅರ್ಜಿ ತುಂಬಲು ಹೋದರು.

ಹತ್ತು ನಿಮಿಷಕ್ಕೆ ವಾಪಸು ಬಂದು ನೋಡುತ್ತಾರೆ, ಟ್ಯಾಂಕಿನ ಕೊಳೆ ಒಂದಿಷ್ಟೂ ಅಲುಗಿಲ್ಲ. ಪಕ್ಕದ ಬಾಂಬರ್ ಫಳಫಳ ಹೊಳೆಯುತ್ತಿದೆ. ಅತ್ತೆ ಒದ್ದೆ ಕರವಸ್ತ್ರ ಮಡಚಿ ಚೀಲಕ್ಕೆ ಹಾಕುತ್ತಿದ್ದಾರೆ.

“ಅತ್ತೆ, ಏನು ಮಾಡಿದ್ರಿ?”

“ಆ ಮನುಷ್ಯರಿಗೆ ಒರೆಸೋಕೂ ಪುರುಸೊತ್ತಾಗಿಲ್ಲ ಅನ್ಸತ್ತೆ. ರೆಕ್ಕೆ ತುಂಬಾ ಮಸಿ. ಒಂದು ಕೈ ಎಳೆದೆ.”

“ಅದೂ ಬೇಕು ಅಂತ ಹಚ್ಚಿದ್ದು!”

“ಇದ್ಯಾವ ನ್ಯಾಯ? ಟ್ಯಾಂಕು ಕೆಸರಲ್ಲಿ ಓಡತ್ತೆ, ಕೊಳೆ ಆಗತ್ತೆ, ಒಪ್ಕೋತೀನಿ. ವಿಮಾನ ಹಾರೋದು ಆಕಾಶದಲ್ಲಿ. ಅಲ್ಲಿ ಯಾರಿದಾರೆ ಕೊಳೆ ಮಾಡೋಕೆ?”

ತರ್ಕದಲ್ಲಿ ತಪ್ಪು ಹಿಡಿಯುವ ಹಾಗಿರಲಿಲ್ಲ. ಡಾಕ್ಟರು ಸುತ್ತ ನೋಡಿದರು. ಔಷಧಿ ಅಂಗಡಿಯವರು ಹೊರಗೆ ಮೆಟ್ಟಿಲ ಮೇಲೆ ನಿಂತು, ಯಾವುದೋ ವೈದ್ಯರ ಕೈಬರಹವನ್ನು ಅಂಗಡಿಯ ಸಹಾಯಕಿಯಿಂದ ಫೋನಿನಲ್ಲೇ ಅಕ್ಷರ ಅಕ್ಷರ ಹೇಳಿಸಿಕೊಳ್ಳುತ್ತಿದ್ದರು. ಅದು ಬೇಗ ಮುಗಿಯುವ ಕೆಲಸವಲ್ಲ. ತೀರ್ಪುಗಾರರು ಸಭಾಂಗಣದ ಆ ತುದಿಯಿಂದ ಭೂತಗನ್ನಡಿ ಹಿಡಿದು ಬರುತ್ತಿದ್ದರು. ಇನ್ನು ಕಾಲು ಗಂಟೆ ಸುಮ್ಮನಿದ್ದರೆ ಸಾಕು. ಈ ಸಲ ‘ತುಂಬಾ ಚೊಕ್ಕ’ ಎಂಬ ಚೀಟಿ ಪಕ್ಕದ ಮೇಜಿಗೆ ಬೀಳುತ್ತದೆ. ಡಾಕ್ಟರು ದೇವರ ಮೇಲೆ ಭಾರ ಹಾಕಿ ಸುಮ್ಮನಿದ್ದೂಬಿಟ್ಟರು, ಸುಮಾರು ಅರ್ಧ ನಿಮಿಷ.

ಅಷ್ಟರಲ್ಲಿ ಅತ್ತೆಯ ಮುಖ ನೋಡಿದರು. ಮೂವತ್ತು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಹೆಂಗಸು, ಮುದುಡಿ ಕೂತು ಕರವಸ್ತ್ರದ ಮಸಿಯನ್ನೇ ನೋಡುತ್ತಿದ್ದರು. “ಅವರಿಗೂ ಮೂರು ತಿಂಗಳಾಗಿತ್ತೇನೋ,” ಅಂದರು. ಡಾಕ್ಟರಿಗೆ ಬಿಳಿ ಟವೆಲಿನ ಮೇಲೆ ಕೂತಿದ್ದ ತಮ್ಮ ಟ್ಯಾಂಕು ನೆನಪಾಯಿತು. ಆ ಸಂಕಟ ಶತ್ರುವಿಗೂ ಬೇಡ.

“ಡಬ್ಬಿ ತೆಗೀರಿ ಅತ್ತೆ,” ಅಂದರು. “ಎಂಜಿನ್ ಹೊಗೆ ಉಗುಳತ್ತೆ. ಇಗೋ, ಈ ಕೊಳವೆಯಿಂದ.”

“ನಮ್ಮ ಅಡಿಗೆಮನೆ ಕೊಳವೆ ಹಾಗೇ?”

“ಹಾಗೇ.”

“ಗಾಳಿ ಯಾವ ಕಡೆಯಿಂದ?”

“ಮುಂದಿನಿಂದ.”

“ಹಾಗಾದ್ರೆ ಮಸಿ ಹಿಂದಕ್ಕೆ ಎಳೆದುಕೊಂಡು ಹೋಗತ್ತೆ. ಬುಡದಲ್ಲಿ ಗಟ್ಟಿ, ಬರ್ತಾ ಬರ್ತಾ ತೆಳು.” ಅತ್ತೆಯ ಬೆನ್ನು ನೆಟ್ಟಗಾಯಿತು. ಮಸಿಯ ಪೊಟ್ಟಣ ಬಿಚ್ಚಿ, ಬೆರಳ ತುದಿಯಲ್ಲಿ ಮುಟ್ಟಿ, ಒಂದೇ ಎಳೆಯಲ್ಲಿ ರೆಕ್ಕೆಯ ಉದ್ದಕ್ಕೂ ಸವರಿದರು. ಡಾಕ್ಟರು ಮೈ ಅಗಲಿಸಿ ಮರೆಯಾಗಿ ನಿಂತು, ಬಂದವರಿಗೆಲ್ಲ ಕೇಳದಿದ್ದರೂ ಒಸಡಿನ ಆರೋಗ್ಯದ ಬಗ್ಗೆ ಹೇಳಿ ಓಡಿಸಿದರು.

ಔಷಧಿ ಅಂಗಡಿಯವರು ಬಂದವರೇ ತಮ್ಮ ವಿಮಾನದ ಮುಂದೆ ನಿಂತುಬಿಟ್ಟರು. ಕನ್ನಡಕ ತೆಗೆದರು, ಹಾಕಿಕೊಂಡರು. ಇದ್ದದ್ದನ್ನು ಹೇಳಿಬಿಡೋಣವೆಂದು ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಅವರೇ ನಿಧಾನಕ್ಕೆ ಅಂದರು: “ಮನೇಲಿ ಇಷ್ಟು ಚೆನ್ನಾಗಿ ಕಾಣ್ತಿರಲಿಲ್ಲ, ಡಾಕ್ಟ್ರೇ. ಇಲ್ಲಿ ಬೆಳಕು ಚೆನ್ನಾಗಿದೆ.”

ಚೀಟಿಗಳು ಬಂದವು. ಟ್ಯಾಂಕಿಗೆ ಎರಡನೇ ಬಹುಮಾನ: ‘ಕೊನೆಗೂ ಕೊಳೆ. ಬಹಳ ಸಂತೋಷ.’ ಡಾಕ್ಟರು ಅದನ್ನು ನಾಲ್ಕು ಸಲ ಓದಿ ಜೇಬಿಗಿಟ್ಟುಕೊಂಡರು. ಆಮೇಲೆ ಬಗ್ಗಿ ಪಕ್ಕದ ಚೀಟಿ ಓದಿದರು. ಮೊದಲ ಬಹುಮಾನ: ‘ಎಂಟು ವರ್ಷದಲ್ಲಿ ಇಂಥ ಮಸಿ ನೋಡಿಲ್ಲ.’

ಡಾಕ್ಟರು ಅತ್ತೆಯ ಕಡೆ ತಿರುಗಿದರು. ಅತ್ತೆ ಡಬ್ಬಿಯ ಮುಚ್ಚಳ ಒರೆಸುತ್ತಾ ಮೆಲ್ಲಗೆ ಅಂದರು: “ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಟ್ಯಾಂಕು ನಮ್ಮ ಮನೇದು, ಹೇಗೋ ನಡೆಯತ್ತೆ ಅಂದ್ಕೊಂಡೆ. ಅದು ಪರರ ವಸ್ತು ನೋಡಿ, ಸ್ವಲ್ಪ ಮನಸ್ಸಿಟ್ಟು ಮಾಡಿದೆ.”

ಡಾಕ್ಟರಿಗೆ ಕೆಮ್ಮು ಬಂತು. ಒಂದಲ್ಲ, ಎರಡಲ್ಲ, ನಿಲ್ಲದ ಕೆಮ್ಮು. ಔಷಧಿ ಅಂಗಡಿಯವರು ಟ್ರೋಫಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿಬಂದು, ಕಾಳಜಿಯಿಂದ ಅವರ ಬೆನ್ನು ತಟ್ಟಿದರು.

“ಸಂಜೆ ಅಂಗಡಿ ಕಡೆ ಬನ್ನಿ ಡಾಕ್ಟ್ರೇ. ಒಳ್ಳೇ ಔಷಧಿ ಇದೆ. ಇದನ್ನೂ ಅದರ ಪಕ್ಕದಲ್ಲೇ ಇಡ್ತೀನಿ, ಹುಡುಕೋಕೆ ಸುಲಭ ಆಗತ್ತೆ.”