ಬ್ಯಾಗ್ ಕಾಯುವವರು

ನಮ್ಮ ಮನೆಯವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇಟ್ಟುಕೊಂಡು, ದಾರಿಯಲ್ಲಿ ಹೋಗುವವರ ಜೀವ ಉಳಿಸುವುದು ಅವರ ಉದ್ಯೋಗ. ಹೆದರಿ ಕಲ್ಲಾಗಿ ಕೂತವರಿಗೆ ದಿನಕ್ಕೆ ಹತ್ತು ಸಲ, "ಕಾಲು ತೆಗೀರಿ, ಗಾಡಿ ತಾನೇ ಹೋಗತ್ತೆ" ಎನ್ನುತ್ತಾರೆ. ತಮ್ಮ ಕಾಲು ಮಾತ್ರ ತೆಗೆಯುವುದಿಲ್ಲ. ಬ್ರೇಕ್ ಇಲ್ಲದ ಕಡೆಯೂ ಒತ್ತುತ್ತಾರೆ. ಲಿಫ್ಟಿನಲ್ಲಿ ಒತ್ತುತ್ತಾರೆ, ಟಿವಿಯಲ್ಲಿ ಕಾರು ಜೋರಾಗಿ ಓಡಿದರೆ ಒತ್ತುತ್ತಾರೆ, ನಾನು ದನಿ ಏರಿಸಿದರೆ ಊಟದ ಮೇಜಿನ ಕೆಳಗೆ ಒತ್ತುತ್ತಾರೆ. ಅದಕ್ಕೆಲ್ಲ ನಿಲ್ಲುವವಳು ನಾನಲ್ಲ.

ಇಂಥವರು ಈ ರಜೆಗೆ ಮೂರು ವಾರದ ಕಾರು ಪ್ರವಾಸದ ಯೋಜನೆ ಹಾಕಿದರು. ಊಟದ ಕೋಣೆಯ ಗೋಡೆಗೆ ದೊಡ್ಡ ನಕಾಶೆ ಬಂತು. ನನ್ನ ಹೊಲಿಗೆ ಅಂಗಡಿಯಿಂದ ಗುಂಡಿಗಳು ಒಂದೊಂದಾಗಿ ಕಾಣೆಯಾದವು. ಉಳಿದುಕೊಳ್ಳುವ ನಗರಗಳಿಗೆ ಕೋಟಿನ ಕಪ್ಪು ಗುಂಡಿ, ಥೀಮ್ ಪಾರ್ಕುಗಳಿಗೆ ಫ್ರಾಕಿನ ಕೆಂಪು ಗುಂಡಿ. ಗಿರಾಕಿಯ ಕೋಟಿಗೆ ಒಂದು ಗುಂಡಿ ಸಾಲದೆ ಅಂಗಡಿಯೆಲ್ಲ ಜಾಲಾಡಿದರೆ, ಅದು ನಮ್ಮ ಗೋಡೆಯ ಮೇಲೆ ಸಮುದ್ರ ತೀರದ ನಗರವಾಗಿ ಆರಾಮಾಗಿ ಕೂತಿತ್ತು.

ನಗರಗಳು ನನ್ನ ಆಯ್ಕೆ. ಕಾಲು ಸೋಲುವವರೆಗೂ ಅಂಗಡಿ ಬೀದಿ ಸುತ್ತುವುದು ನನ್ನ ಆಸೆ. ಪಾರ್ಕುಗಳು ಮಗಳ ಆಯ್ಕೆ. ಮನುಷ್ಯರನ್ನು ತಲೆಕೆಳಗು ಮಾಡದ ಯಾವ ಪಾರ್ಕೂ ಅವಳ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಕೆಂಪು ಗುಂಡಿಯ ಪಕ್ಕದಲ್ಲೂ ಒಂದು ಚಿಕ್ಕ ಬಿಳಿ ಗುಂಡಿ ಇತ್ತು. ಅದು ಅತ್ತೆ ಕೂರುವ ಬೆಂಚು.

ಅತ್ತೆಗೆ ತಲೆಸುತ್ತು ಎಂಬುದು ನೆಂಟರಿಷ್ಟರಿಗೆಲ್ಲ ಗೊತ್ತಿರುವ ಸಂಗತಿ. ಮೇಲೆ ಹೋಗುವುದು, ಗಿರಗಿರ ತಿರುಗುವುದು ಯಾವುದನ್ನೂ ಅವರು ಹತ್ತುವುದಿಲ್ಲ. ನಾವು ಎಲ್ಲಿಗೆ ಹೋದರೂ ಅವರು ಕೆಳಗೆ ಕೂತು ಬ್ಯಾಗ್ ಕಾಯುತ್ತಾರೆ. "ಅಮ್ಮ ಒಬ್ಬಳೇ ಆಗ್ತಾಳೆ" ಎಂದು ನಮ್ಮ ಮನೆಯವರೂ ಪಕ್ಕದಲ್ಲಿ ಕೂರುತ್ತಾರೆ. ಇಂಥ ಮಗ ಎಲ್ಲಿ ಸಿಗುತ್ತಾನೆ ಎಂದು ನೋಡಿದವರು ಹೊಗಳುತ್ತಾರೆ. ಸ್ಟೂಲ್ ಹತ್ತಿ ಬಲ್ಬ್ ಹಾಕುವಾಗಲೂ ಇವರ ಮೊಣಕಾಲು ನಡುಗುವುದನ್ನು ಕಂಡವಳು ನಾನೊಬ್ಬಳೇ. ಗಂಡನ ಮರ್ಯಾದೆಯ ಪ್ರಶ್ನೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಒಂದು ಸಂಜೆ ಇವರು ಚಮಚ ಹಿಡಿದು ನಕಾಶೆಯ ಮುಂದೆ ನಿಂತು ಯೋಜನೆ ವಿವರಿಸಿದರು.

"ಮೊದಲನೇ ಪಾರ್ಕು. ನೀವಿಬ್ಬರೂ ಸೀದಾ ದೊಡ್ಡ ರೋಲರ್ ಕೋಸ್ಟರಿಗೆ. ಅಮ್ಮ ಈ ಮರದ ಕೆಳಗಿನ ಬೆಂಚಿಗೆ. ನೆರಳಿದೆ, ಟಾಯ್ಲೆಟ್ಟೂ ಹತ್ತಿರ. ನಾನು ಜೊತೆಗಿರ್ತೀನಿ."

ಅತ್ತೆ ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. ತಲೆ ಎತ್ತದೆ, "ನಾನೂ ಹತ್ತೀನಿ" ಎಂದರು.

"ಯಾವುದನ್ನ?"

"ಅದೇ, ದೊಡ್ಡದನ್ನ. ತಲೆಕೆಳಗಾಗಿ ಹೋಗತ್ತಲ್ಲ, ಅದನ್ನ."

ಇವರ ಕಾಲು ದಡ್ ಎಂದು ನೆಲ ಒತ್ತಿತು. ಚಮಚ ಕೆಳಗೆ ಬಿತ್ತು.

"ಅಮ್ಮಾ, ಏನ್ ಮಾತಾಡ್ತಿದ್ದೀಯ? ನಿನ್ನ ವಯಸ್ಸೇನು?"

ಅತ್ತೆ ನಿವೃತ್ತಿಯಾಗುವವರೆಗೂ ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವರು. ಕಿತ್ತಳೆಯ ತೊಳೆಯೊಂದನ್ನು ಮೊಮ್ಮಗಳ ಕೈಗಿಟ್ಟು ಹೇಳಿದರು: "ಜೀವಮಾನವಿಡೀ ಬೇರೆಯವರನ್ನ ಒಳಗೆ ಬಿಟ್ಟಿದ್ದಾಯ್ತು. ಹೊರಗೆ ಬಂದೋರ ಮುಖ ನೋಡಿ ಕಥೆ ಏನಿರಬಹುದು ಅಂತ ಊಹಿಸಿದ್ದಾಯ್ತು. ಈ ಕಾಲು ಇನ್ನೆಷ್ಟು ದಿನ ನಡೆಯತ್ತೋ. ಒಂದು ಸಲ ನಾನೂ ಕಿರುಚಬೇಕು."

ಮಗಳು ಆಗಲೇ ಫೋನಿನಲ್ಲಿ ಹುಡುಕುತ್ತಿದ್ದಳು. "ವಯಸ್ಸಿಗೆ ಮಿತಿ ಇಲ್ಲಪ್ಪ. ಆರೋಗ್ಯ ಚೆನ್ನಾಗಿದ್ರೆ ಸಾಕಂತೆ. ಹೋದ ತಿಂಗಳು ಡಾಕ್ಟರೇ ಅಂದ್ರಲ್ಲ, ಅಜ್ಜಿ ಹಾರ್ಟು ತಮ್ಮದಕ್ಕಿಂತ ಗಟ್ಟಿ ಅಂತ." ಇನ್ನೊಂದು ಸಾಲು ಓದಿದ ಮೇಲೆ ಅವಳ ದನಿ ಇಳಿಯಿತು. "ಆದ್ರೆ ಎತ್ತರ ನೂರ ನಲವತ್ತು ಸೆಂಟಿಮೀಟರ್ ಇರಲೇಬೇಕಂತೆ."

ಎಲ್ಲರೂ ಅತ್ತೆಯನ್ನು ನೋಡಿದೆವು. ಅವರು ಮೊದಲೇ ಕುಳ್ಳಗೆ, ಈಚೆಗೆ ಇನ್ನಷ್ಟು ಕುಗ್ಗಿದ್ದಾರೆ. ವರ್ಷ ವರ್ಷ ಅವರ ಉಡುಪಿನ ಅಂಚು ಮಡಿಸಿ ಹೊಲಿಯುವವಳು ನಾನೇ. ಕತ್ತಿನಲ್ಲಿದ್ದ ಟೇಪು ತೆಗೆದು ಅವರನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದೆ. "ಮೋಸ ಬೇಡ" ಎಂದು ಅವರೇ ತುರುಬು ಬಿಚ್ಚಿದರು. ಅಳೆದೆ. ಮತ್ತೆ ಅಳೆದೆ. ಒಂದು ಬೆರಳಿನಷ್ಟು ಕಡಿಮೆ.

"ಛೆ, ಛೆ, ಛೆ" ಎಂದರು ನಮ್ಮ ಮನೆಯವರು. ಮುಖದಲ್ಲಿ ಮಾತ್ರ ಲಾಟರಿ ಹೊಡೆದ ಕಳೆ. ಸ್ವತಃ ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದರು. ಮದುವೆಯಾದಾಗಿನಿಂದ ಅಂಥ ಘಟನೆ ನಡೆದದ್ದು ನನಗೆ ನೆನಪಿಲ್ಲ.

"ಇರಲಿ ಬಿಡು," ಎಂದರು ಅತ್ತೆ ತುರುಬು ಕಟ್ಟುತ್ತಾ. "ಬ್ಯಾಗ್ ಕಾಯೋಕೆ ಎತ್ತರ ಬೇಡ." ಕಾಫಿ ಕುಡಿಯದೆ ಕೋಣೆಗೆ ಹೋದರು. ಬಾಯಿ ಚಪ್ಪರಿಸುತ್ತಾ ಕಾಫಿ ಕುಡಿಯುತ್ತಿದ್ದ ಗಂಡನನ್ನು ಕಂಡು ನನ್ನ ಮೈ ಉರಿಯಿತು.

ಮಾರನೆಯ ದಿನವೂ ಆ ಉರಿ ಆರಿರಲಿಲ್ಲ. ಅಂಥ ಹೊತ್ತಿನಲ್ಲಿ ಬ್ಯಾಂಕಿನ ಮೇಡಂ ಅಂಗಡಿಗೆ ಬಂದು ಹೊಸ ಕೋಟನ್ನು ಮೇಜಿನ ಮೇಲೆ ಎಸೆದರು. "ಗುಂಡಿ ಹಾಕಿದ್ರೆ ಉಸಿರು ಕಟ್ಟತ್ತೆ."

ಈಚೆಗೆ ಈ ದೂರು ವಾರಕ್ಕೊಂದು ಬರುತ್ತಿತ್ತು. ನನ್ನ ಉತ್ತರವೂ ತಯಾರಿತ್ತು. "ಬೇಜಾರು ಮಾಡ್ಕೋಬೇಡಿ ಮೇಡಂ, ಸ್ವಲ್ಪ ಮೈ ಬಂದಿದೆ."

"ಮೈ ಬಂದಿರೋದು ನನಗಲ್ಲ, ನಿಮ್ಮ ಟೇಪಿಗೆ! ತೂಕ ನೋಡ್ಕೊಂಡೇ ಬಂದಿದ್ದೀನಿ."

ಅವರ ಬಾಯಿ ಮುಚ್ಚಿಸಲೆಂದು ಟೇಪನ್ನು ಕತ್ತರಿಸುವ ಮೇಜಿನ ಮೇಲೆ, ಕಬ್ಬಿಣದ ಸ್ಕೇಲಿನ ಪಕ್ಕಕ್ಕೆ ಹಾಸಿದೆ. ಮುಚ್ಚಿದ್ದು ನನ್ನ ಬಾಯಿ. ಟೇಪಿನ ನೂರು, ಸ್ಕೇಲಿನ ನೂರನ್ನು ದಾಟಿ ಆಚೆಗೆ ಹೋಗಿತ್ತು. ವರ್ಷಗಟ್ಟಲೆ ಎಳೆದೆಳೆದು ಬಟ್ಟೆಯ ಟೇಪು ಹಿಗ್ಗಿಬಿಟ್ಟಿತ್ತು. ಮೈ ಅಳೆಯುವುದು ಟೇಪಿನಲ್ಲಿ, ಬಟ್ಟೆ ಕತ್ತರಿಸುವುದು ಸ್ಕೇಲಿನಲ್ಲಿ; ಕೋಟು ಬಿಗಿಯಾಗದೆ ಇನ್ನೇನಾದೀತು? ಹಿಗ್ಗಿದ ಟೇಪು ಎಲ್ಲರನ್ನೂ ಕಡಿಮೆ ತೋರಿಸುತ್ತದೆ. ಸೊಂಟವನ್ನೂ ಕಡಿಮೆ, ಎತ್ತರವನ್ನೂ ಕಡಿಮೆ.

ಎತ್ತರವನ್ನೂ! ನಾನು ಎಷ್ಟು ಗಿರಾಕಿಗಳಿಗೆ ಊಟ ಕಡಿಮೆ ಮಾಡಿ ಎಂದಿದ್ದೆನೋ, ಅದನ್ನು ಯೋಚಿಸಲು ಆಗ ಪುರುಸೊತ್ತಿರಲಿಲ್ಲ. ಈಗಲೂ ಇಲ್ಲ. "ಸಡಿಲ ಮಾಡಿ ಕೊಡ್ತೀನಿ, ನೀವು ನಿಜವಾಗ್ಲೂ ಇಳಿದಿದ್ದೀರ" ಎಂದು ಮೇಡಂ ಅವರನ್ನು ಸಾಗಹಾಕಿ, ಬಾಗಿಲೆಳೆದು, ಕಬ್ಬಿಣದ ಸ್ಕೇಲು ಹಿಡಿದು ಮನೆಗೆ ಓಡಿದೆ. ದಾರಿಯಲ್ಲಿ ಜನ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಯಾರಿಗೆ ಹೊಡೆಯೋಕೆ ಅದು?" ಎಂದರು ಊಟಕ್ಕೆ ಕೂತಿದ್ದ ನಮ್ಮ ಮನೆಯವರು.

"ಸದ್ಯಕ್ಕೆ ಯಾರಿಗೂ ಇಲ್ಲ. ಅತ್ತೇ, ಬನ್ನಿ ಇಲ್ಲಿ. ತುರುಬು ಬಿಚ್ಚಿ."

ಮಗಳು ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಳು. ನಾನು ನೆಲದಿಂದ ಸ್ಕೇಲು ಇಟ್ಟು ಅಳೆದೆ. ನೂರ ನಲವತ್ತು, ಮೇಲೊಂದು ಕೂದಲೆಳೆ. ಮಗಳು ಅಜ್ಜಿಯನ್ನು ಎತ್ತಿಕೊಂಡೇ ಕುಣಿದಳು.

ನಮ್ಮ ಮನೆಯವರು ಬಿಡಲಿಲ್ಲ. "ಆದ್ರೆ ಅಮ್ಮಾ, ನಿನ್ನ ತಲೆಸುತ್ತು?"

ಅತ್ತೆ ಮಗನ ಎದುರಿನ ಕುರ್ಚಿಯಲ್ಲಿ ಕೂತರು. "ಯಾರ ತಲೆಸುತ್ತೋ? ನೀನಾಗ ಒಂದನೇ ಕ್ಲಾಸು. ಜಾತ್ರೇಲಿ ತಿರುಗೋ ದೊಡ್ಡ ತೊಟ್ಟಿಲು ಹತ್ತಿದ್ವಿ. ಅದು ಮೇಲೆ ಹೋಗಿ ನಿಂತುಬಿಡ್ತು. ನೀನು ಚಡ್ಡಿ ಒದ್ದೆ ಮಾಡ್ಕೊಂಡು ಅತ್ತುಬಿಟ್ಟೆ. ಇಳಿದ ಮೇಲೆ ನಿನ್ನ ದೊಡ್ಡಪ್ಪನ ಮಕ್ಕಳು ಪುಕ್ಕಲ ಪುಕ್ಕಲ ಅಂತ ರೇಗಿಸಿದ್ರು. 'ಅವನು ಹೆದರಿದ್ದಲ್ಲ ಕಣ್ರೋ, ನನಗೇ ತಲೆ ಸುತ್ತು ಬಂತು, ಅದಕ್ಕೆ ಪಾಪ ಅತ್ತ' ಅಂದೆ. ಅವತ್ತಿಂದ ಅದು ನನ್ನ ಹೆಸರಿಗೇ ಉಳೀತು. ನಿನಗೆ ಜೊತೆ ಬೇಕಿತ್ತು, ಕೆಳಗೆ ಕೂತೆ."

ಬಿಚ್ಚಿದ ತುರುಬು ಕಟ್ಟುತ್ತಾ ಮತ್ತೆ ಹೇಳಿದರು. "ಆ ತೊಟ್ಟಿಲು ನನಗೆ ತುಂಬಾ ಇಷ್ಟವಾಗಿತ್ತು ಕಣೋ. ಮೇಲಿಂದ ಊರೆಲ್ಲ ಕಾಣ್ತಿತ್ತು."

ಇಷ್ಟು ವರ್ಷ ಅಮ್ಮನಿಗೆ ಜೊತೆ ಕೂತಿದ್ದೇನೆ ಎಂದುಕೊಂಡಿದ್ದವರ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಾಪ ಅನ್ನಿಸಿತು, ಇಬ್ಬರ ಮೇಲೂ ಪ್ರೀತಿ ಉಕ್ಕಿತು.

"ಹಾಗಾದ್ರೆ ಬೆಂಚಿನ ಮೇಲೆ ನಾನೊಬ್ಬನೇನಾ?" ಎಂದರು ಇವರು. ಥೇಟ್ ಒಂದನೇ ಕ್ಲಾಸಿನ ದನಿ.

"ಮೇಲೆ ಹೋದ ತಕ್ಷಣ ಕೈ ಬೀಸ್ತೀನಿ. ನೀನು ಬ್ಯಾಗ್ ಬಿಟ್ಟು ಎಲ್ಲೂ ಹೋಗ್ಬೇಡ."

ಇವರು ತಲೆ ಆಡಿಸಿದರು. ಮೇಜಿನ ಕೆಳಗೆ ಬಲಗಾಲು ಇನ್ನೂ ನೆಲಕ್ಕೆ ಅದುಮಿಕೊಂಡೇ ಇತ್ತು. ಅತ್ತೆ ಬಗ್ಗಿ ಅದನ್ನು ನೋಡಿದರು, ಎದ್ದು ಮಗನ ಪಕ್ಕಕ್ಕೆ ಬಂದು ಮೊಣಕಾಲು ತಟ್ಟಿದರು.

"ಕಾಲು ತೆಗಿ ಮಗಾ," ಎಂದರು. "ಗಾಡಿ ತಾನೇ ಹೋಗತ್ತೆ."