ಹರಕು ಲಂಗದ ಪಟ

ತಿಪಟೂರಿನ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಗಿರಿಜಾಂಬಿಕಾಗೆ ಅಮೆರಿಕದ ಚರಿತ್ರೆಯಲ್ಲಿ ಒಂದು ಪಾಠದ ಮೇಲೆ ವಿಶೇಷ ಮಮತೆ. ಉಕ್ಕು, ರೈಲು, ಎಣ್ಣೆಗಳಿಂದ ಆ ದೇಶ ದಿಢೀರನೆ ಬೆಳೆದು ಸಾಹುಕಾರರ ಮಹಲುಗಳೆದ್ದ ಕಾಲ. ನೂಲಿನ ಗಿರಣಿಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು ದುಡಿಯುತ್ತಿದ್ದ ಕಾಲವೂ ಅದೇ. ಯಾರೋ ಒಬ್ಬ ಊರೂರು ಅಲೆದು ಆ ಮಕ್ಕಳ ಫೋಟೊ ತೆಗೆದ. ಉಂಡುಟ್ಟು ಸುಖವಾಗಿದ್ದವರಿಗೆ ಅವನ್ನು ನೋಡಿ ನಾಚಿಕೆಯಾಯಿತು. ಆ ನಾಚಿಕೆ ಕಾನೂನುಗಳನ್ನು ತಂದಿತು. ಇಷ್ಟು ಹೇಳುವಷ್ಟರಲ್ಲಿ ಅವಳ ದನಿ ತಾನಾಗಿ ಏರಿರುತ್ತಿತ್ತು. ಲೈಬ್ರರಿಯ ದಪ್ಪ ಪುಸ್ತಕ ತೆರೆದು, ಗಿರಣಿಯ ಯಂತ್ರದ ಮುಂದೆ ಬರಿಗಾಲಲ್ಲಿ ನಿಂತ ಹುಡುಗಿಯ ಚಿತ್ರವನ್ನು ಬೆಂಚಿನಿಂದ ಬೆಂಚಿಗೆ ಕಳಿಸುತ್ತಿದ್ದಳು.

೧೯೭೯ನೇ ಇಸವಿಯನ್ನು ಜಗತ್ತೆಲ್ಲ ಮಕ್ಕಳ ವರ್ಷವೆಂದು ಆಚರಿಸುತ್ತಿತ್ತು. ಊರಿನ ಕೆಲವು ಹೆಂಗಸರು ಸೇರಿ ಕಲ್ಯಾಣಮಂಟಪದಲ್ಲಿ ಒಂದು ಪ್ರದರ್ಶನ ಮಾಡುವುದೆಂದಾಯಿತು. ಗಿರಿಜಾಂಬಿಕಾಗೆ ಪುಸ್ತಕದ ಆ ಹುಡುಗಿ ನೆನಪಾದಳು. ಮನೆಯ ಹಿಂದೆಯೇ ಗಂಗಾಧರಯ್ಯನವರ ಕೊಬ್ಬರಿ ಅಂಗಳವಿತ್ತು. ಅಟ್ಟದಲ್ಲಿ ಒಣಗಿಸಿದ ಕಾಯಿಯನ್ನು ಸುಲಿದು, ಒಡೆದು, ಹೆಂಗಸರು ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ಅವರಲ್ಲಿ ಹೊಂಬಾಳಮ್ಮ ಒಬ್ಬಳು. ಅವಳ ಮಗಳು, ಹತ್ತು ವರ್ಷದ ಈರಕ್ಕ, ಇಡೀ ದಿನ ಕರಟ ಆರಿಸಿ ಕುಕ್ಕೆಗೆ ತುಂಬುತ್ತಿದ್ದಳು.

“ನಿನ್ನ ಮಗಳದೊಂದು ಫೋಟೊ ತೆಗೆಸ್ತೀನಿ ಹೊಂಬಾಳಮ್ಮ.”

“ಅಯ್, ಇವ್ಳುದಾ? ಮೂಗು ಒರೆಸ್ಕೊಳಾಕೇ ಬರಲ್ಲ ಇದ್ಕೆ!” ಹೊಂಬಾಳಮ್ಮ ನಕ್ಕಳು. ಆಮೇಲೆ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟಳು. “ತೆಗೆಸ್ರಮ್ಮಾ. ನಂಗೂ ಒಂದ್ ಕೊಡ್ಬೇಕು ಮತ್ತೆ. ಇವ್ಳಕ್ಕ ಜರ ಬಂದು ಹೋದ್ಲಲ್ಲ, ಅವ್ಳುದೊಂದು ಪಟಾನೂ ಇಲ್ಲ. ಮಖಾನೇ ಮರ್ತೋಗ್ತಾ ಐತೆ ಕಣ್ರಮ್ಮಾ.”

“ಖಂಡಿತ ಕೊಡ್ತೀನಿ.”

ಫೋಟೊ ಯಾತಕ್ಕೆಂದು ಗಿರಿಜಾಂಬಿಕಾ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಅಂದುಕೊಂಡಳು.

ಭಾನುವಾರ ಸ್ಟುಡಿಯೋದ ಬೆಟ್ಟಸ್ವಾಮಿ ಕ್ಯಾಮೆರಾ ಹೊತ್ತು ಬಂದ. ಈರಕ್ಕನನ್ನು ಗಿರಿಜಾಂಬಿಕಾ ಮೊದಲು ಗುರುತಿಸಲೇ ಇಲ್ಲ. ಪಕ್ಕದ ಮನೆಯಿಂದ ಕೇಳಿ ತಂದ ಹಸಿರು ಲಂಗ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕನಕಾಂಬರ. ಕಪ್ಪು ಕತ್ತಿನ ಮೇಲೆ ಪೌಡರು ಬೆಳ್ಳಗೆ ನಿಂತಿತ್ತು. ಕೆನ್ನೆಗೆ ದೃಷ್ಟಿಬೊಟ್ಟು.

“ಮದ್ಲಿಂಗಿತ್ತಿ ಬಂದ್ಲು ಕಣ್ರೇ, ದಾರಿ ಬುಡ್ರೇ!” ಎಂದು ಅಂಗಳದ ಹೆಂಗಸರು ಕೂಗಿದರು. ಈರಕ್ಕ ನಾಚಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಪೌಡ್ರು ಕೆಡುತ್ತೆ ಕಣೇ, ಬುಡು,” ಎಂದು ಹೊಂಬಾಳಮ್ಮ ಸೆರಗು ಎಳೆದುಕೊಂಡಳು.

ಇಂಥ ಹುಡುಗಿಯನ್ನು ನೋಡಿ ಯಾರಿಗೆ ನಾಚಿಕೆಯಾದೀತು ಎಂಬುದೊಂದೇ ಗಿರಿಜಾಂಬಿಕಾಗೆ ಆಗ ಹೊಳೆದದ್ದು.

“ಹೊಂಬಾಳಮ್ಮ, ಇದು ಬೇಡ. ದಿನಾ ಹಾಕ್ಕೋತಾಳಲ್ಲ, ಆ ಲಂಗ ಹಾಕ್ಕೊಂಡು ಬರ್ಲಿ.”

“ಅದು ಹರ್ದೋಗೈತಲ್ರಮ್ಮಾ.”

“ಅದೇ ಇರ್ಲಿ.”

ಅಂಗಳದ ನಗು ನಿಂತಿತು. ತಾನು ಕೇಳಿದ್ದು ಸರಿಯೇ ಎಂಬಂತೆ ಹೊಂಬಾಳಮ್ಮ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಮಗಳ ಕೈ ಹಿಡಿದುಕೊಂಡು ಮನೆಗೆ ಹೋದಳು. ಮರಳಿ ಬಂದಾಗ ಹುಡುಗಿಯ ಮೈಮೇಲೆ ಅಂಚು ಸೀಳಿದ ಲಂಗವಿತ್ತು. ಪೌಡರನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದರು.

“ಹೂವ?” ಎಂದಳು ಹೊಂಬಾಳಮ್ಮ.

“ಅದೂ ಬೇಡ.”

ತಾಯಿಯೇ ಹೂವು ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈರಕ್ಕನನ್ನು ಕರಟದ ರಾಶಿಯ ಮುಂದೆ ಕೂರಿಸಿದರು. ಬೆಟ್ಟಸ್ವಾಮಿ ಅಭ್ಯಾಸಬಲದಿಂದ “ಸ್ವಲ್ಪ ನಗಮ್ಮ” ಎಂದ. “ನಗೋದು ಬೇಡ” ಎಂದಳು ಗಿರಿಜಾಂಬಿಕಾ. ಹೇಳುವ ಅಗತ್ಯವಿರಲಿಲ್ಲ.

ಅವತ್ತು ಸಂಜೆ ಅವಳಿಗೆ ಹಳೆಯದೊಂದು ನೆನಪಾಯಿತು. ದಬ್ಬೇಘಟ್ಟದ ಶಾಲೆಯಲ್ಲಿ ಓದುವಾಗ ಅಮೆರಿಕದಿಂದ ಬಂದ ಗೋಧಿಯ ಉಪ್ಪಿಟ್ಟನ್ನು ಅವಳೂ ತಿಂದಿದ್ದಳು. ಆ ವೇಳೆಗೆ ಅಮೆರಿಕ ಲೋಕಕ್ಕೆಲ್ಲ ಅನ್ನ ಹಾಕುವಷ್ಟು, ಲೋಕವನ್ನೆಲ್ಲ ಅಂಕೆಯಲ್ಲಿಟ್ಟುಕೊಳ್ಳುವಷ್ಟು ದೊಡ್ಡ ದೇಶವಾಗಿತ್ತು. ಮುಂದೆ ಮೈಸೂರಿನಲ್ಲಿ ಎಂ.ಎ. ಓದುವಾಗ ಆ ದೇಶದ ಒಂದು ಪತ್ರಿಕೆಯಲ್ಲಿ ಅಂಥದೇ ಉಪ್ಪಿಟ್ಟಿನ ಸಾಲಿನ ಫೋಟೊ ಕಂಡಳು. ಅಂಗಿಯಿಲ್ಲದ, ಎಲುಬು ಕಾಣುವ ಮಕ್ಕಳನ್ನೇ ಆರಿಸಿ ಮುಂದೆ ನಿಲ್ಲಿಸಿದ್ದರು. “ಅಂಗಿ ಹಾಕ್ಕೊಂಡಿರೋ ಒಂದು ಮಗೂನೂ ಸಿಗ್ಲಿಲ್ವಾ ಇವರಿಗೆ?” ಎಂದು ಹಾಸ್ಟೆಲಿನಲ್ಲಿ ಕೂಗಾಡಿದ್ದಳು. ಅದು ದಾನದ ಜಂಬ, ತನ್ನದು ಸುಧಾರಣೆ ಎಂದು ಈಗ ಅವಳು ತನಗೇ ಪಾಠ ಹೇಳಿಕೊಂಡಳು. ಪಾಠ ಚೆನ್ನಾಗಿಯೇ ಇತ್ತು.

ಪ್ರದರ್ಶನದ ದಿನ, ದೊಡ್ಡದು ಮಾಡಿಸಿದ ಈರಕ್ಕನ ಫೋಟೊ ನಡುಗೋಡೆಯಲ್ಲಿತ್ತು. ತುಮಕೂರಿನಿಂದ ಬಂದಿದ್ದ ಅಧಿಕಾರಿ ಅದರ ಮುಂದೆ ಬಹಳ ಹೊತ್ತು ನಿಂತರು. “ಇದನ್ನ ಜಿಲ್ಲಾ ಪ್ರದರ್ಶನಕ್ಕೂ ಕಳಿಸಿ. ಈ ಮಕ್ಕಳಿಗೆ ಒಂದು ಸಂಜೆ ಶಾಲೆ ಆಗಲೇಬೇಕು, ನಾನು ಮಾಡಿಸ್ತೀನಿ,” ಎಂದರು. ಜನ ಚಪ್ಪಾಳೆ ತಟ್ಟಿದರು. ಪುಸ್ತಕದಲ್ಲಿದ್ದಂತೆಯೇ ಎಲ್ಲವೂ ನಡೆಯುತ್ತಿತ್ತು.

ಆಗಲೇ ಹೊಂಬಾಳಮ್ಮ ಮಗಳನ್ನು ಕರೆದುಕೊಂಡು ಬಾಗಿಲಲ್ಲಿ ಕಾಣಿಸಿಕೊಂಡದ್ದು. ಪಟ ಬಂದಿದೆಯೆಂದು ಯಾರೋ ಹೇಳಿದ್ದರು. ಈರಕ್ಕ ಮತ್ತೆ ಆ ಹಸಿರು ಲಂಗ ಕೇಳಿ ತಂದು ಉಟ್ಟಿದ್ದಳು.

“ಅಯ್ಯೋ, ಇದೇ ಮಗು ಕಣ್ರೀ!” ಎಂದರು ಯಾರೋ. ಎಲ್ಲರೂ ತಿರುಗಿದರು. ಒಬ್ಬಾಕೆ ಹುಡುಗಿಯ ಗದ್ದ ಹಿಡಿದು “ಪಾಪ” ಎಂದಳು. ಇನ್ನೊಬ್ಬಾಕೆ ಲಂಗ ನೋಡಿ, “ಬಟ್ಟೆ ಚೆನ್ನಾಗೇ ಇದೆಯಲ್ಲ ಇವಳದು?” ಎಂದು ಪಕ್ಕದವಳ ಕಿವಿಯಲ್ಲಿ ಉಸುರಿದಳು.

ಈರಕ್ಕ ಗೋಡೆಯತ್ತ ನೋಡಿದಳು. ತಾಯಿಯತ್ತ ನೋಡಿದಳು. ಹತ್ತಿರ ಹೋಗಿ, ಫೋಟೊದಲ್ಲಿ ಲಂಗ ಹರಿದಿದ್ದ ಜಾಗವನ್ನು ಅಂಗೈಯಿಂದ ಮುಚ್ಚಿಹಿಡಿದು ನಿಂತಳು.

ಗಿರಿಜಾಂಬಿಕಾ ಇಬ್ಬರನ್ನೂ ಹೊರಗೆ ಕರೆದುಕೊಂಡು ಬಂದಳು. ಹೊಂಬಾಳಮ್ಮನೇ ಮಾತೆತ್ತಿದಳು.

“ದೊಡ್ಡೋಳ್ದು ಪಟ ಇಲ್ದಿದ್ರೂ, ನೆಪ್ಪಲ್ಲಿ ಅವ್ಳು ಹೊಸ ಲಂಗದಾಗೇ ಅವ್ಳೆ ಕಣ್ರಮ್ಮಾ.”

“ತಪ್ಪಾಯ್ತು. ಈಗ್ಲೇ ತೆಗೆದುಹಾಕಿಸ್ತೀನಿ. ತುಮಕೂರಿಗೂ ಕಳಿಸಲ್ಲ.”

“ಸಾಲೆ ಮಾಡ್ತಾರಂತಲ್ಲ, ಕಳಿಸಿ. ಆ ಅಂಗಳದಾಗೆ ಇನ್ನೂ ಹುಡ್ಗೀರವ್ರೆ. ನಮ್ಮನೆ ಗ್ವಾಡೆಗೆ ಅದು ಬ್ಯಾಡ, ಅಷ್ಟೇಯ.”

“ಇನ್ನೊಂದು ತೆಗೆಸಿಕೊಡ್ತೀನಿ. ಅವಳಿಗೆ ಹೆಂಗೆ ಬೇಕೋ ಹಂಗೆ. ಭಾನುವಾರ ಬೆಟ್ಟಸ್ವಾಮೀನ ಕರ್ಕೊಂಡು ಬರ್ತೀನಿ.”

ಹೊಂಬಾಳಮ್ಮ ಮಗಳ ಜಡೆಯ ಹೂವು ಸರಿಮಾಡಿದಳು. “ಅವ್ರು ಬರ್ಲಿ. ನೀವ್ ಬರ್ಬ್ಯಾಡಿ.”

ಕೋಪದಿಂದ ಹೇಳಿದ ಮಾತಲ್ಲ. ಕರಟದ ಚೂರಿದೆ, ಅಲ್ಲಿ ಕಾಲಿಡಬೇಡಿ ಎಂದು ಎಚ್ಚರಿಸಿದ ಹಾಗಿತ್ತು.

ಭಾನುವಾರ ಗಿರಿಜಾಂಬಿಕಾ ಮನೆಯಲ್ಲೇ ಉಳಿದಳು. ಅಡಿಗೆಮನೆಯ ಕಿಟಕಿಯಿಂದ ಅಂಗಳ ಕಾಣುತ್ತಿರಲಿಲ್ಲ, ಹೆಂಗಸರ ಕೇಕೆ ಮಾತ್ರ ಕೇಳುತ್ತಿತ್ತು. ಮಾರನೆಯ ಸಂಜೆ ಸ್ಟುಡಿಯೋಗೆ ಹೋದಳು.

“ಅಮ್ಮ ಮಗಳು ಇಬ್ರೂ ಕೂತ್ಕೊಂಡ್ರು ಮೇಡಂ. ಬಾಳ ಚೆನ್ನಾಗ್ ಬಂದೈತೆ,” ಎಂದ ಬೆಟ್ಟಸ್ವಾಮಿ.

“ಒಂದ್ಸಲ ನೋಡ್ಲಾ?”

ಬೆಟ್ಟಸ್ವಾಮಿ ಮೇಜಿನ ಮೇಲಿದ್ದ ಲಕೋಟೆಯನ್ನು ತನ್ನತ್ತ ಎಳೆದುಕೊಂಡ. ಅವಳನ್ನು ನೋಡದೆ, ಕ್ಯಾಮೆರಾದ ಗಾಜು ಒರೆಸತೊಡಗಿದ.

“ನಿಮಗ್ ತೋರಿಸ್ಬ್ಯಾಡ ಅಂದವ್ರೆ ಮೇಡಂ.”

ಗಿರಿಜಾಂಬಿಕಾ ತಲೆಯಾಡಿಸಿದಳು. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಹೊಂಬಾಳಮ್ಮನ ಹೆಸರು ಬರೆದಿತ್ತು. ಅದನ್ನಷ್ಟೇ ಓದಿ ಮೆಟ್ಟಿಲಿಳಿದಳು.