ಒಪ್ಪತ್ತಿನ ಕೂಸು

ಹತ್ತಿ ಬಿಡಿಸುವ ಕಾಲ ಬಂತೆಂದರೆ ಸುರಪುರದ ನಮ್ಮ ಓಣಿಯಲ್ಲಿ ಕೋಳಿಗಿಂತ ಮೊದಲು ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಕೂಗುತ್ತದೆ. ಡ್ರೈವರ್ ಹಾರ್ನ್ ಮೇಲಿನ ಕೈ ತೆಗೆಯುವುದಿಲ್ಲ. ಹೆಂಗಸರು ತಲೆಗೆ ವಸ್ತ್ರ ಸುತ್ತಿಕೊಳ್ಳುತ್ತ, ಒಂದು ಕೈಯಲ್ಲಿ ಬುತ್ತಿ, ಕಂಕುಳಲ್ಲಿ ಕೂಸು ಹಿಡಿದು ಓಡುತ್ತಾರೆ. ಬುತ್ತಿ ಟಂಟಂ ಹತ್ತುತ್ತದೆ. ಕೂಸು ಸಾಯಬಮ್ಮನ ಮನೆಗೆ ಹೋಗುತ್ತದೆ.

ಮನೆ ಎಂದರೆ ಒಂದು ಕೋಣೆ, ಮುಂದೆ ತಗಡಿನ ಪಡಸಾಲೆ. ತೊಲೆಗೆ ಹಳೇ ಸೀರೆಯ ಜೋಳಿಗೆ ಕಟ್ಟಿ ಸಣ್ಣವನ್ನು ಮಲಗಿಸುತ್ತಾಳೆ. ಉಳಿದವು ನೆಲದ ಮೇಲೆ, ಕೌದಿ ಹಾಸಿ. ಮೂಗು ಒರೆಸುವುದು, ಅಂಡು ತೊಳೆಯುವುದು, ಜಗಳ ಬಿಡಿಸುವುದು, ಮಧ್ಯಾಹ್ನ ರೊಟ್ಟಿ ಮುರಿದು ಬೇಳೆಯಲ್ಲಿ ಕಲಸಿ ಬಾಯಿಗಿಡುವುದು, ಎಲ್ಲ ಅವಳೇ. ಮೊದಲು ಅವಳೂ ಹತ್ತಿ ಬಿಡಿಸಿದವಳು. ಮೊಣಕಾಲು ಹೋದ ಮೇಲೆ ಹೊಲ ಬಿಟ್ಟಳು.

ನಾನು ಮಜೀದಾ. ಎದುರು ಮನೆಯಲ್ಲಿ ಜಂಪರು ಹೊಲಿಯುತ್ತೇನೆ. ನನ್ನ ಮಷೀನು ಬಾಗಿಲಲ್ಲೇ ಇದೆ. ಆ ಮನೆಯಲ್ಲಿ ಕೂಸು ಸೀನಿದರೂ ನನಗೆ ಗೊತ್ತಾಗುತ್ತದೆ. ನನ್ನ ಬಾಯಿ ಕತ್ತರಿಗಿಂತ ಜೋರು ಅಂತ ಓಣಿಯವರ ದೂರು. ಇರಲಿ. ಕಂಡದ್ದನ್ನು ಹೇಳುವುದಕ್ಕೆ ಬಾಯಿ ಬೇಕಲ್ಲ.

ಈ ಕೆಲಸ ಸುರುವಾದದ್ದು ಮಾಳಮ್ಮನಿಂದ. ನಾಲ್ಕು ವರ್ಷದ ಹಿಂದೆ ಅವಳ ಮೊದಲ ಮಗಳು ಹೊಲದ ಬದುವಿನಲ್ಲಿ ಆಡುತ್ತ ಆಡುತ್ತ ಕಾಲುವೆಗೆ ಬಿದ್ದು ಹೋಯಿತು. ತಾಯಿ ನಾಲ್ಕು ಸಾಲು ಆಚೆ ಹತ್ತಿ ಬಿಡಿಸುತ್ತಿದ್ದಳು. ಹೊಲದ ಮಾಲಕ ಜಗದೇವಪ್ಪ ಸಾವುಕಾರ ಮಣ್ಣಿಗೆ ಬಂದವನು, "ಕೂಸಿನ ಮ್ಯಾಲ ಲಕ್ಷ್ಯ ಇಡಬೇಕಿತ್ತು" ಎಂದು ಹೇಳಿ ಹೋದ. ಮುಂದೆ ಎರಡನೆಯ ಮಗಳು ಕಲ್ಪನಾ ಹುಟ್ಟಿದಾಗ ಸಾಯಬಮ್ಮನೇ ಕುಂಟುತ್ತ ಅವಳ ಮನೆಗೆ ಹೋದಳು.

"ಇದನ್ನ ಹೊಲಕ್ಕ ಒಯ್ಯಬ್ಯಾಡ, ಮಾಳಿ. ನನ್ನ ಹತ್ರ ಬಿಡು."

ಒಂದಿದ್ದ ಕೂಸು ಐದಾರಾದವು. ರೇಟು ಗೀಟು ಏನೂ ಇರಲಿಲ್ಲ. ಒಬ್ಬರು ಒಂದು ಸೇರು ಜೋಳ ಕೊಡುವರು, ಒಬ್ಬರು ಹತ್ತು ರೂಪಾಯಿ, ಒಬ್ಬರು "ನಾಳಿ ಕೊಡ್ತೀನಿ ಯಕ್ಕ" ಎಂಬ ಮಾತು ಕೊಡುವರು. ಮಾತಿನಿಂದ ಬೇಳೆ ಬೇಯುವುದಿಲ್ಲ. ಈ ವರ್ಷ ಸಾಯಬಮ್ಮ ರೇಟು ಗೊತ್ತು ಮಾಡಲು ಕೂತಳು.

ನಮ್ಮ ಕಡೆ ಹೊಲದ ಕೂಲಿಗೆ ಗಡಿಯಾರ ಇಲ್ಲ, ಬುತ್ತಿ ಇದೆ. ಬುತ್ತಿ ಬಿಚ್ಚುವ ಮೊದಲೇ ಹೊಲ ಬಿಟ್ಟರೆ ಒಪ್ಪತ್ತು, ಅರ್ಧ ಕೂಲಿ. ಬುತ್ತಿ ಉಂಡು ಮತ್ತೆ ಸಾಲಿಗೆ ನಿಂತರೆ ಇಡೀ ದಿನ, ಪೂರಾ ಕೂಲಿ. ಸಾಯಬಮ್ಮ ಜೀವಮಾನವೆಲ್ಲ ದುಡಿದದ್ದು ಈ ಹಿಸಾಬಿನ ಮೇಲೆ. ಅದನ್ನೇ ಮನೆಗೆ ತಂದಳು.

"ಬರಿ ಮಜೀದಾ. ಇಲ್ಲಿ ಉಂಡ ಕೂಸು ಇಡೀ ದಿನದ್ದು, ನಲವತ್ತು. ಉಣ್ಣದ ಕೂಸು ಒಪ್ಪತ್ತಿನದು, ಇಪ್ಪತ್ತು."

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅವಳ ಬಾಗಿಲ ಪಕ್ಕದ ನೀಲಿ ಗೋಡೆಯ ಮೇಲೆ ದಪ್ಪಗೆ ಬರೆದೆ. ನನಗೂ ಸರಿಯೇ ಅನಿಸಿತು. ಹೆಂಗಸರೂ ಒಪ್ಪಿದರು. ಮುನ್ನೂರು ಕೂಲಿಯಲ್ಲಿ ನಲವತ್ತು ಹೋದರೂ ಕೂಸು ಕಾಲುವೆಗೆ ಹೋಗುವುದಿಲ್ಲವಲ್ಲ.

ಆ ವಾರವೇ ರೇಣುಕಾದೇವಿ ಅಕ್ಕೋರು ಬಂದರು. ಇವರು ಜಗದೇವಪ್ಪನ ಹೆಂಡತಿ, ಖಾಸಗಿ ಸಾಲಿಯಲ್ಲಿ ಪಾಠ ಹೇಳುತ್ತಾರೆ. ಸಾಯಬಮ್ಮ ಇರುವ ಮನೆಯೂ ಜಗದೇವಪ್ಪನದೇ, ಬಾಡಿಗೆಗೆ ಕೊಟ್ಟದ್ದು. ಅಕ್ಕೋರ ಕೆಲಸದಾಕೆ ಬಿಟ್ಟು ಹೋಗಿದ್ದಳು. ಒಂದು ಕೈಯಲ್ಲಿ ಮಗ ಮೌನೇಶ, ಇನ್ನೊಂದರಲ್ಲಿ ಸ್ಟೀಲಿನ ಡಬ್ಬಿ.

"ನಮ್ಮ ಹುಡುಗ ನಿಮ್ಮ ಮಂದಿ ಮನ್ಯಾಗ ಉಣ್ಣಂಗಿಲ್ಲ, ಸಾಯಬಮ್ಮ. ಮೊಸರನ್ನ ತಂದೇನಿ. ಇದರಾಗಿಂದ ಅಷ್ಟ ತಿನಿಸು. ನೀರೂ ನಮ್ಮ ಬಾಟ್ಲಿದು."

"ಆತ್ರೀ ಅಕ್ಕೋರ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು ಮಗನನ್ನು ಎತ್ತಿಕೊಂಡು ಇಪ್ಪತ್ತರ ನೋಟು ಚಾಚಿದರು.

"ಹುಡುಗ ಸಂಜೀತನ ಇಲ್ಲೇ ಇದ್ದಾನಲ್ರಿ," ಎಂದಳು ಸಾಯಬಮ್ಮ, ಮೆಲ್ಲಗೆ.

"ಗ್ವಾಡಿ ಮ್ಯಾಲ ಏನ್ ಬರಸೀದಿ? ಉಣ್ಣದ ಕೂಸು ಒಪ್ಪತ್ತಿನದು. ನಮ್ಮದು ಉಂಡಿಲ್ಲ. ನಿನ್ನ ರೂಲು ನೀನ ಮುರೀತೀಯೇನು?"

ಸಾಯಬಮ್ಮ ನೋಟು ತೆಗೆದುಕೊಂಡಳು. ನಾನು ಮಷೀನು ನಿಲ್ಲಿಸಿ ನೋಡುತ್ತ ಕೂತೆ. ಹುಡುಗನ ಅಂಡು ತೊಳೆಯುವ ಕೈಗೆ ಮೈಲಿಗೆ ಇಲ್ಲ. ಅದೇ ಕೈ ರೊಟ್ಟಿ ಮುರಿದರೆ ಮೈಲಿಗೆ. ಮೇಲೆ ಆ ಮೈಲಿಗೆಗೆ ಇಪ್ಪತ್ತು ರೂಪಾಯಿ ರಿಯಾಯಿತಿ! ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಸಾಯಬಮ್ಮನ ಕೈಗೆ ದಿನವೂ ಕೆಸರೇ. ಮೊಸರು ಮಾತ್ರ ಅಕ್ಕೋರ ಡಬ್ಬಿಯಲ್ಲಿ ಬಂದು ಅಕ್ಕೋರ ಡಬ್ಬಿಯಲ್ಲೇ ಹೋಗುತ್ತಿತ್ತು.

ಮೌನೇಶನಿಗೋ ಮೊಸರನ್ನ ಸೇರುತ್ತಿರಲಿಲ್ಲ. ದಿನಾ ಕಲ್ಪನಾಳ ತಾಟಿಗೆ ಕೈ ಹಾಕುವನು. ದಿನಾ ಸಾಯಬಮ್ಮ ಅವನ ಕೈ ಹಿಡಿದು ಈಚೆ ತರುವಳು. "ಬ್ಯಾಡೋ ನನ್ನಪ್ಪ, ನಿಮ್ಮವ್ವ ಬೈತಾಳ." ಹುಡುಗ ಅಳುತ್ತ ಅರ್ಧ ಹೊಟ್ಟೆಯಲ್ಲಿ ಮಲಗುವನು.

ಇಂಥದ್ದು ಎಷ್ಟು ದಿನ ಮುಚ್ಚಿರುತ್ತದೆ? ಒಂದು ಸಂಜೆ ಟಂಟಂ ಇಳಿದ ಮಾಳಮ್ಮ, ಅಕ್ಕೋರು ಇಪ್ಪತ್ತು ಕೊಡುವುದನ್ನು ಕಣ್ಣಾರೆ ಕಂಡಳು. ಅವರು ಹೋದದ್ದೇ ತಡ, ಹರಿಹಾಯ್ದಳು.

"ಸಾವ್ಕಾರನ ಕೂಸು ಒಪ್ಪತ್ತು, ನನ್ನ ಕೂಸು ಇಡೀ ದಿನ! ಎರಡೂ ಒಂದ ಕೌದಿ ಮ್ಯಾಲ ಮಲಗ್ತಾವ. ಇದ್ಯಾವ ನ್ಯಾಯ ಯಕ್ಕ?"

"ಮನಿ ಅವರ್ದು, ಮಾಳಿ. ಹೊರಗ ಹಾಕಿದ್ರ ನಾ ಎಲ್ಲಿಗಿ ಹೋಗ್ಲಿ? ಈ ಕೂಸುಗೋಳು ಎಲ್ಲಿಗಿ ಹೋಗ್ತಾವ?"

"ಇದ್ದವರಿಗಿ ಹೆದರ್ತಿ. ಇಲ್ಲದವರ ಕಿಸೆಕ್ಕ ಕೈ ಹಾಕ್ತಿ."

ಆ ಮಾತು ಸಾಯಬಮ್ಮನಿಗೆ ತಾಕಿದ್ದು ನನಗೆ ಕಂಡಿತು. ಮಾಳಮ್ಮನ ಮೇಲೆ ನನಗೆ ಸಿಟ್ಟು ಬಂತು. ಆದರೆ ಅವಳ ಮಾತಿನಲ್ಲಿ ಸುಳ್ಳು ಎಲ್ಲಿತ್ತು?

ಮರುದಿನ ಮಾಳಮ್ಮ ಕಲ್ಪನಾಳ ಕೈಗೆ ಒಂದು ಅರಿವೆ ಗಂಟು ಕೊಟ್ಟು ಬಿಟ್ಟು ಹೋದಳು.

"ಅರ್ಧ ರೊಟ್ಟಿ, ಹಿಂಡಿ ಕಟ್ಟೇನಿ. ಇಕಿಗಿ ನೀ ಉಣಸಬ್ಯಾಡ. ಇವತ್ತಿಂದ ಇಕಿನೂ ಒಪ್ಪತ್ತಿನಾಕಿ."

ಮಧ್ಯಾಹ್ನ ಕೂಸುಗಳೆಲ್ಲ ಸಾಲಾಗಿ ಕೂತವು. ಸಾಯಬಮ್ಮ ಮನಸ್ಸು ತಡೆಯದೆ ಕಲ್ಪನಾಳ ರೊಟ್ಟಿಗೆ ಬೇಳೆ ಹಾಕಹೋದಳು. ಮೂರು ವರ್ಷದ ಹುಡುಗಿ ರೊಟ್ಟಿಯ ಮೇಲೆ ಕೈ ಅಡ್ಡ ಇಟ್ಟಿತು.

"ಅವ್ವ ಬ್ಯಾಡಂದಾಳ."

ಸಾಯಬಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತಳು. ನಾವು ಮಾಡಿದ ಹಿಸಾಬು ಎಲ್ಲಿಗೆ ಬಂತು ನೋಡಿ! ಉಳ್ಳವನ ಮಗ ಮಡಿಗಾಗಿ ಹಸಿದ, ಇಲ್ಲದವಳ ಮಗಳು ಇಪ್ಪತ್ತು ರೂಪಾಯಿಗಾಗಿ ಹಸಿದಳು.

ಆಗ ಮೌನೇಶ ತನ್ನ ಡಬ್ಬಿಯನ್ನು ಕಲ್ಪನಾಳ ಮುಂದೆ ತಳ್ಳಿದ. ಅವಳ ರೊಟ್ಟಿ ಎತ್ತಿಕೊಂಡು ಕಡಿದ. ಹಿಂಡಿ ಚಟ್ನಿಯ ಖಾರಕ್ಕೆ ಮೂಗು ಸುರಿಯಿತು, ಆದರೂ ಬಿಡಲಿಲ್ಲ. ಕಲ್ಪನಾ ಎರಡೂ ಕೈಯಿಂದ ಮೊಸರನ್ನ ಬಾಚಿ ಬಾಚಿ ತಿಂದಳು. ದಿನಾ ತಡೆಯುತ್ತಿದ್ದ ಸಾಯಬಮ್ಮ ಅಂದು ತಡೆಯಲಿಲ್ಲ. ಗೋಡೆಗೆ ಒರಗಿ ಕೂತು ನೋಡಿದಳು.

ಸಾಲಿ ಅಂದು ಬೇಗ ಬಿಟ್ಟಿತ್ತೇನೋ. ಅಕ್ಕೋರು ಬಾಗಿಲಲ್ಲಿ ಬಂದು ನಿಂತಿದ್ದರು.

ಒಂದೇ ಹೆಜ್ಜೆಗೆ ಬಂದು ಕಲ್ಪನಾಳ ಕೈಯಿಂದ ಡಬ್ಬಿ ಕಿತ್ತು ಗಟಾರಕ್ಕೆ ಎಸೆದರು. ಹುಡುಗಿ ಅಳಲಿಲ್ಲ. ಗಟಾರದಲ್ಲಿ ತೇಲುವ ಅನ್ನ ನೋಡುತ್ತ ಬೆರಳು ನೆಕ್ಕಿತು.

"ನನ್ನ ಮಗಗ ಏನ್ ತಿನಿಸೀದಿ?"

"ರೊಟ್ಟಿರಿ. ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ."

"ಎಷ್ಟ್ ಸೊಕ್ಕು ನಿನಗ! ಯಾರ್ ಮನ್ಯಾಗ ಇದ್ದೀ, ನೆಪ್ಪದ ಇಲ್ಲೋ?"

ಸಾಯಬಮ್ಮ ಮೊಣಕಾಲು ಹಿಡಿದು ಎದ್ದು ನಿಂತಳು.

"ಹುಡುಗ ಉಂಡಾನ್ರಿ ಅಕ್ಕೋರ. ಇವತ್ತಿಂದು ಇಡೀ ದಿನದ್ದಾತು. ನಲವತ್ತು ಕೊಡ್ರಿ."

ಅಕ್ಕೋರು ಕೊಡಲಿಲ್ಲ. ಮಗನನ್ನು ಎಳೆದುಕೊಂಡು ಹೋದರು. ಸಂಜೆ ಗಂಡನ ಮೋಟಾರ್ ಸೈಕಲ್ ಬಂತು. ಜಗದೇವಪ್ಪ ಗಾಡಿಯಿಂದ ಇಳಿಯಲೂ ಇಲ್ಲ.

"ನಾಳಿ ಮುಂಜಾನಿ ಮನಿ ಖಾಲಿ ಆಗಬೇಕು. ಇಲ್ಲಿ ಯಾವ ಕೂಸೂ ಇರಂಗಿಲ್ಲ."

ಅದೇ ಹೊತ್ತಿಗೆ ಟಂಟಂ ಬಂದು ನಿಂತಿತು. ಹೆಂಗಸರು ಇಳಿದರು. ಸೀರೆಗೆಲ್ಲ ಹತ್ತಿಯ ಎಳೆ, ಬೆರಳ ತುದಿಗೆಲ್ಲ ಗೀರು. ಮಾಳಮ್ಮ ಎಲ್ಲ ಕೇಳಿಸಿಕೊಂಡು ಕಲ್ಪನಾಳನ್ನು ಎತ್ತಿಕೊಂಡಳು.

"ನಮ್ಮ ಕೂಸು ಎಲ್ಲಿರಬೇಕ್ರಿ ಸಾವ್ಕಾರ್ರ?"

"ಎಲ್ಲೆರ ಇಟ್ಕೊ. ಹೊಲಕ್ಕ ತಗೊಂಡ್ ಬಾ. ಮೊದಲ ತರ್ತಿದ್ದಿಲ್ಲೇನು?"

ಮಾಳಮ್ಮ ಗಾಡಿಯ ಎದುರಿಗೆ ಹೋಗಿ ನಿಂತಳು.

"ತಂದಿದ್ನಿರಿ," ಎಂದಳು ಮಾಳಮ್ಮ. "ಒಂದನ್ನ ನಿಮ್ಮ ಹೊಲದ ಕಾಲುವ್ಯಾಗ ಬಿಟ್ಟು ಬಂದೇನಿ. ಇದನ್ನ ತರಂಗಿಲ್ಲ. ಈ ಮನಿ ಖಾಲಿ ಆತಂದ್ರ ನಿಮ್ಮ ಹತ್ತಿ ಸಾಲೂ ಖಾಲಿ."

ಸಾವುಕಾರ ನಕ್ಕ. "ಗುರುಮಠಕಲ್ ಕಡಿಯಿಂದ ಮಂದಿ ತರಸ್ತೀನಿ. ನಿಮ್ಮನ್ಯಾರು ಕೇಳ್ತಾರ?"

ಹಿಂದೆ ನಿಂತಿದ್ದ ಮುದುಕಿ ಅಮೃತಮ್ಮ ಎಲೆ ಅಡಿಕೆ ಉಗುಳಿ ಹೇಳಿದಳು: "ತರಸ್ರಿ. ಅವರಿಗೂ ಕೂಸು ಇರ್ತಾವಲ್ಲ."

ಅವನು ಗಾಡಿ ತಿರುಗಿಸಿ ಹೋದ ಮೇಲೆ ಮಾಳಮ್ಮ ಸಾಯಬಮ್ಮನ ಪಕ್ಕ ಕೂತಳು.

"ಕೂಸಿನ ಹೊಟ್ಟಿ ಕಟ್ಟಿ ನಾ ನಿನ್ನ ಕೂಲಿ ಕಡ್ದೆ ಯಕ್ಕ."

"ತಪ್ಪು ಗ್ವಾಡಿ ಮ್ಯಾಲ ಅದ, ಮಾಳಿ. ಹೊಲದ ಹಿಸಾಬು ಕೂಸಿಗಿ ಹಚ್ಚಿದೆ ನಾ. ಮಜೀದಾ, ಅದನ್ನ ಅಳಸು."

ಅಳಿಸಿದೆ. ಎಲ್ಲರೂ ಕೂಡಿ ಹೇಳಿದ್ದನ್ನು ಹೊಸದಾಗಿ ಬರೆದೆ. ತಾಯಿ ಬಿಟ್ಟು ಹೋದಾಗಿನಿಂದ ಸಂಜೆತನಕ ಇದ್ದರೆ ಇಡೀ ದಿನ. ಮಧ್ಯಾಹ್ನ ಬಂದು ಒಯ್ದರೆ ಒಪ್ಪತ್ತು. ಯಾರ ಕೂಸಾದರೂ ಒಂದೇ ರೇಟು. ಮಧ್ಯಾಹ್ನ ಇದ್ದ ಕೂಸು ಇಲ್ಲಿ ಬೇಯಿಸಿದ್ದನ್ನೇ ಉಣ್ಣಬೇಕು.

"ಕಡೀದನ್ನ ದಪ್ಪಗ ಬರಿ," ಎಂದಳು ಸಾಯಬಮ್ಮ.

ಬೆಳಗಾದರೆ ತಿಂಥಣಿ ಕಡೆಯಿಂದ ಮೋಡ ಎದ್ದಿತ್ತು. ಅರಳಿದ ಹತ್ತಿ ಮಳೆಗೆ ಸಿಕ್ಕರೆ ಕಪ್ಪಾಗುತ್ತದೆ, ಕೇಳುವವರಿರುವುದಿಲ್ಲ. ಟಂಟಂ ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಹೆಂಗಸರೆಲ್ಲ ಸಾಯಬಮ್ಮನ ಕಟ್ಟೆಯ ಮೇಲೆ, ಮಡಿಲಲ್ಲಿ ಕೂಸು ಇಟ್ಟುಕೊಂಡು ಕೂತಿದ್ದರು. ಒಳಗೊಳಗೇ ಎಲ್ಲರಿಗೂ ಹೆದರಿಕೆ ಇತ್ತು. ಕೂಲಿ ತಪ್ಪಿದರೆ ರಾತ್ರಿ ಒಲೆ ಹೊತ್ತುವುದಿಲ್ಲ. ನಾನೂ ಮಷೀನು ಬಿಟ್ಟು ಹೋಗಿ ಅವರ ನಡುವೆ ಕೂತೆ. ಡ್ರೈವರ್ ಫೋನು ಹಚ್ಚಿದ.

ಸಾವುಕಾರ ಬಂದ. ಗುರುಮಠಕಲ್ಲಿನ ಮಂದಿ ಬಂದಿರಲಿಲ್ಲ. ಬೆನ್ನ ಹಿಂದೆ ಅಕ್ಕೋರು, ಸಾಲಿಗೆ ಹೊರಟ ಸೀರೆಯಲ್ಲಿ, ಕಂಕುಳಲ್ಲಿ ಮೌನೇಶ. ಬೇರೆ ಯಾರೂ ಹುಡುಗನನ್ನು ಇಟ್ಟುಕೊಂಡಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಕೈಯಲ್ಲಿ ಹೊಸ ಡಬ್ಬಿ.

"ಹತ್ರಿ, ಹತ್ರಿ. ಮಳಿ ಬರ್ತದ. ಮನಿ ಮಾತು ಆಮ್ಯಾಲ ನೋಡೋಣು," ಎಂದ ಸಾವುಕಾರ.

"ಈಗ ಹೇಳ್ರಿ," ಎಂದಳು ಮಾಳಮ್ಮ.

ಅವನು ಮೋಡ ನೋಡಿದ. ಕಟ್ಟೆ ನೋಡಿದ. "ಇರ್ಲಿ ಬಿಡು. ಸುಗ್ಗಿ ಮುಗಿಯೋತನ ಇದ್ಕೊಳ್ಳಲಿ."

ಸುಗ್ಗಿ ಮುಗಿದ ಮೇಲೆ ಏನು ಮಾಡುತ್ತಾನೋ ನಮಗೆ ಗೊತ್ತಿತ್ತು. ಅದಕ್ಕೇ ಯಾರೂ ಟಂಟಂ ಕಡೆ ಹೊರಳಲಿಲ್ಲ. ಅಕ್ಕೋರು ಮುಂದೆ ಬಂದು ಮೊದಲು ಡಬ್ಬಿ ಚಾಚಿದರು. ಸಾಯಬಮ್ಮ ಮುಟ್ಟಲಿಲ್ಲ.

"ಯಾವಾಗ ಒಯ್ತೀರಿ ಅಕ್ಕೋರ?"

"ಸಂಜೀಕ."

"ಹಂಗಾರ ಇಡೀ ದಿನದ್ದು. ಗ್ವಾಡಿ ಮ್ಯಾಲ ಬರದದ, ಓದ್ರಿ. ಓದಾಕ ಬರ್ತದಲ್ಲ ನಿಮಗ."

ಅಕ್ಕೋರು ಓದಿದರು. ಕಡೆಯ ಸಾಲಿಗೆ ಬಂದಾಗ ಮುಖ ಬಿಗಿಯಿತು.

ಸಾಯಬಮ್ಮ ಎರಡೂ ಕೈ ಚಾಚಿದಳು.

"ಕೂಸು ಕೊಡ್ರಿ. ಡಬ್ಬಿ ಒಯ್ರಿ."

ಮೌನೇಶ ಆಗಲೇ ತಾಯಿಯ ಕಂಕುಳಿಂದ ಅವಳ ಕಡೆ ಬಾಗಿದ್ದ. ತಗಡಿನ ಮೇಲೆ ಮಳೆಯ ಮೊದಲ ಹನಿ ಬಿತ್ತು. ಟಂಟಂ ಗುರುಗುಟ್ಟುತ್ತ ನಿಂತಿತ್ತು. ಒಬ್ಬಳೂ ಹತ್ತಿರಲಿಲ್ಲ. ಎಲ್ಲರೂ ಅಕ್ಕೋರ ಕೈ ನೋಡುತ್ತ ಕೂತಿದ್ದೆವು.